ದಪ್ಪ ಹುಣಸೆ ತುಂಡು ಸೀಳಲು ಟ್ರ್ಯಾಕ್ಟರ್ ಸ್ಪ್ಲಿಟರ್ ಸಾಕೋ, ಜೆಸಿಬಿಗೆ ಹಾಕುವ ತಿರುಪು ಬೇಕೋ?

ರಸ್ತೆ ಅಗಲೀಕರಣದಲ್ಲಿ ಉರುಳಿಸಿದ ಹುಣಸೆ, ಮಾವಿನ ಬೊಡ್ಡೆಗಳನ್ನು ಹಾನಗಲ್ ಹತ್ತಿರ ಕೊಂಡಿದ್ದೀರಿ, ಕೊಡಲಿಗೆ ಜಗ್ಗುತ್ತಿಲ್ಲ, 45 ಎಚ್‌ಪಿ ಟ್ರ್ಯಾಕ್ಟರ್ ಮನೆಯಲ್ಲೇ ಇದೆ ಎಂದಿದ್ದೀರಿ. ಹಾಗಿದ್ದರೆ ಟ್ರ್ಯಾಕ್ಟರಿನ ಬಲದಿಂದ, ಎಣ್ಣೆಯ ಒತ್ತಡದಲ್ಲಿ ಬೆಣೆ ಒತ್ತಿ ಸೀಳುವ ಸ್ಪ್ಲಿಟರ್ ಸಾಕು. ಆದರೆ ಬೆಣೆ ಮೇಲಿನಿಂದ ಕೆಳಗಿಳಿಯುವ ನಿಂತ ಸ್ಪ್ಲಿಟರನ್ನೇ ತೆಗೆದುಕೊಳ್ಳಿ, ಮಲಗಿದ್ದು ಬೇಡ.

ಕಾರಣ ತೂಕ. 80 ಸೆಂ.ಮೀ. ಅಡ್ಡಳತೆ, 45 ಸೆಂ.ಮೀ. ಉದ್ದದ ಹಸಿ ಹುಣಸೆ ತುಂಡು ಕಾಲು ಟನ್ ಹತ್ತಿರ ತೂಗುತ್ತದೆ. ಅದನ್ನು ಮಲಗಿದ ತೊಲೆಯ ಮೇಲೆ ಎತ್ತಿಡುವಾಗಲೇ ಬೆನ್ನು ಹಿಡಿಯುವುದು, ಬೆರಳು ಜಜ್ಜುವುದು. ನಿಂತ ಯಂತ್ರದ ಅಡಿತಟ್ಟೆ ನೆಲಕ್ಕೇ ತಾಗಿರುತ್ತದೆ. ತುಂಡನ್ನು ಹಾರೆಯಿಂದ ಮೀಟಿ ಅದರ ಮೇಲೆ ಸರಿಸಿದರಾಯಿತು.

ಬೆಣೆ ಒತ್ತುವ ಸಿಲಿಂಡರ್ 125 ಮಿ.ಮೀ. ಬೋರಿನದಿರಲಿ (ಬೋರ್ ಎಂದರೆ ಒಳ ಅಡ್ಡಳತೆ). 175 ಬಾರ್ ಒತ್ತಡದಲ್ಲಿ ಅದು ಸುಮಾರು 22 ಟನ್ ಒತ್ತುತ್ತದೆ, 100 ಮಿ.ಮೀ.ದು 14 ಟನ್ನಿಗೇ ನಿಲ್ಲುತ್ತದೆ. ಜಾಲಿ, ಬೇವಿಗೆ 14 ಸಾಕಾದೀತು, ಹುಣಸೆಗೆ ಆಗದು. ಅದರ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಸಿಲಿಂಡರಿಗೆ ಬೇಕಾದ ಎಣ್ಣೆಯನ್ನು ಟ್ರ್ಯಾಕ್ಟರಿನ ಲಿಫ್ಟಿನಿಂದ ತೆಗೆಯಬೇಡಿ. ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಅದು ಗೇರ್‌ಬಾಕ್ಸಿನದೇ ಎಣ್ಣೆ, ಹೋಸ್ ಪೈಪಿನ ಕಸವೆಲ್ಲ ಗೇರಿಗೆ ಹೋಗುತ್ತದೆ. ಪಿಟಿಒಗೆ (ಟ್ರ್ಯಾಕ್ಟರಿನ ಹಿಂದೆ ಯಂತ್ರ ಓಡಿಸಲು ತಿರುಗುವ ಶಾಫ್ಟು) ಸುತ್ತು ಮೂರು ಪಟ್ಟು ಮಾಡುವ 1:3 ಗೇರ್‌ಬಾಕ್ಸ್, ಅದಕ್ಕೊಂದು 22 ಸಿಸಿ ಗೇರ್ ಪಂಪ್ ಕೂಡಿಸಿದರೆ ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗುವಾಗ ನಿಮಿಷಕ್ಕೆ 35 ಲೀಟರ್ ಎಣ್ಣೆ ಬರುತ್ತದೆ. ಬೆಣೆ 600 ಮಿ.ಮೀ. ಕೆಳಗಿಳಿಯಲು 12–13 ಸೆಕೆಂಡು. ಬೇರೆ ಟ್ಯಾಂಕ್ 70 ಲೀಟರಿನದು, ಎಣ್ಣೆ ಟ್ಯಾಂಕಿಗೆ ಮರಳುವ ಲೈನಿಗೆ ಫಿಲ್ಟರ್, ನಮ್ಮ ಬೇಸಿಗೆಗೆ 68 ನಂಬರಿನ ಹೈಡ್ರಾಲಿಕ್ ಎಣ್ಣೆ. ಟ್ಯಾಂಕ್ ಚಿಕ್ಕದಾದರೆ ಮಧ್ಯಾಹ್ನದ ಹೊತ್ತಿಗೆ ಎಣ್ಣೆ ಕಾದು ತೆಳುವಾಗಿ, ಒತ್ತಡ ಬಿದ್ದು, ಸೀಲು ಹೋಗುತ್ತವೆ.

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಕಡೆ ಮಾಡಿಸುವುದಾದರೆ ಮೂರು ಸಂಗತಿ ಗಟ್ಟಿಯಾಗಿ ಹೇಳಿ. ಅಡಿತಟ್ಟೆ 25 ಮಿ.ಮೀ. ದಪ್ಪ ಇರಬೇಕು, ತೊಲೆಗೆ ಕೂಡುವಲ್ಲಿ ತ್ರಿಕೋನ ಆಧಾರಪಟ್ಟಿ ಬೇಕು. ಮೊದಲು ಬಿರಿಯುವ ವೆಲ್ಡಿಂಗ್ ಅದೇ. ಸಿಲಿಂಡರಿನ ಎರಡೂ ತುದಿ ಪಿನ್ನಿನಲ್ಲಿರಲಿ. ವೆಲ್ಡ್ ಮಾಡಿಬಿಟ್ಟರೆ ತುಂಡು ಪಕ್ಕಕ್ಕೆ ಒತ್ತಿದಾಗ ರಾಡ್ ಬಾಗುತ್ತದೆ. ಬೆಣೆ ಮೇಲೇರುವಾಗ ಸಿಕ್ಕ ತುಂಡನ್ನು ತಡೆದು ಬಿಡಿಸುವ ತಟ್ಟೆ ಬೇಕೇ ಬೇಕು. ಹುಣಸೆಯಲ್ಲಿ ಬೆಣೆ ಸಿಕ್ಕರೆ ಇಡೀ ತುಂಡೇ ಮೇಲೇಳುತ್ತದೆ.

ಸೀಳುವಾಗ ನಟ್ಟನಡುವೆ ಬೆಣೆ ಇಡಬೇಡಿ. ಅಂಚಿನಿಂದ 10–12 ಸೆಂ.ಮೀ. ಒಳಗೆ ಇಟ್ಟು ಸುತ್ತ ಹೋಳು ಬಿಡಿಸಿ, ತಿರುಳನ್ನು ಕೊನೆಗೆ ಸೀಳಿ. ಒಣಗಿದ ಬಿರುಕಿದ್ದರೆ ಅದರ ಗುಂಟವೇ ಹೋಗಿ. ಗಂಟು, ಕವಲು ಇರುವ ಬದಿ ಕೆಳಗಿರಲಿ. ಗರಗಸದಲ್ಲಿ ಓರೆ ಕೊಯ್ದ ತುಂಡು ಒತ್ತಡ ಬಿದ್ದೊಡನೆ ಜಾರಿ ಸಿಡಿಯುತ್ತದೆ, ಆದ್ದರಿಂದ ಎರಡೂ ಮುಖ ಸಮ ಇರಬೇಕು. ನಾಲ್ಕು ಹೋಳಿನ ಬೆಣೆ ಇಂಥ ಮರಕ್ಕೆ ದಂಡ. ಎರಿ ಮಣ್ಣು ಹಸಿಯಿದ್ದಾಗ ಅಡಿತಟ್ಟೆ ಹೂತು ಯಂತ್ರ ವಾಲುತ್ತದೆ, ಗರಸು ಹಾಕಿದ ಜಾಗದಲ್ಲೇ ನಿಲ್ಲಿಸಿ.

ಜೆಸಿಬಿ ತೋಳಿಗೆ ಹಾಕುವ ತಿರುಪು (ಎಣ್ಣೆಯ ಮೋಟರಿನಿಂದ ತಿರುಗುತ್ತ ಮರದೊಳಗೆ ಹೊಕ್ಕು ಸೀಳುವ ಚೂಪು ಸ್ಕ್ರೂ) ಮೀಟರ್ ಮೀರಿದ ಬೊಡ್ಡೆಗೆ ಬಹಳ ಒಳ್ಳೆಯದು. ಆಪರೇಟರ್ ಕ್ಯಾಬಿನ್ನಿನಲ್ಲೇ ಇರುತ್ತಾನೆ, ದಿಮ್ಮಿ ಬಿದ್ದಲ್ಲೇ ಸೀಳುತ್ತದೆ. ಬಾಡಿಗೆಗೆ ತರುವ ಮುಂಚೆ ಎರಡು ಕೇಳಿ: ತಿರುಪು ಸಿಕ್ಕಾಗ ಹಿಂದಕ್ಕೆ ತಿರುಗಿಸಲು ಎರಡೂ ಕಡೆ ಎಣ್ಣೆ ಹರಿಯುವ ಲೈನ್ ಇದೆಯೇ, ಮೋಟರಿನೊಳಗೆ ಸೋರಿದ ಎಣ್ಣೆಯ ಡ್ರೇನ್ ಪೈಪು ನೇರ ಟ್ಯಾಂಕಿಗೆ ಹೋಗುತ್ತದೆಯೇ. ಜೆಸಿಬಿಯಲ್ಲಿ ಬಂಡೆ ಒಡೆಯುವ ಬ್ರೇಕರಿಗಿರುವ ಲೈನ್ ಸಾಮಾನ್ಯವಾಗಿ ಒಂದೇ ದಿಕ್ಕಿನದು. ಡ್ರೇನ್ ಇಲ್ಲದಿದ್ದರೆ ಮೋಟರಿನ ಶಾಫ್ಟ್ ಸೀಲು ಹಾರುತ್ತದೆ. ದಿಮ್ಮಿಯ ಎರಡೂ ಬದಿ ಬೇರೆ ತುಂಡು ಒತ್ತಿಡದಿದ್ದರೆ ಸೀಳುವ ಬದಲು ಅದೂ ತಿರುಪಿನ ಜೊತೆ ತಿರುಗುತ್ತದೆ. ಟ್ರ್ಯಾಕ್ಟರ್ ಪಿಟಿಒಗೇ ನೇರ ಕೂಡಿಸುವ ತಿರುಪನ್ನು ಮಾತ್ರ, ಎಷ್ಟೇ ಅಗ್ಗವಿರಲಿ, ಕೊಳ್ಳಬೇಡಿ. ಆಳು ಪಕ್ಕದಲ್ಲೇ ನಿಂತು ಕೈಯಿಂದ ತುಂಡು ದೂಡಬೇಕು. ಬಟ್ಟೆಯ ಚುಂಗು ಸಿಕ್ಕರೆ ಮನುಷ್ಯನನ್ನೇ ಎಳೆದುಕೊಳ್ಳುತ್ತದೆ.

ನಿಮ್ಮ ಯಂತ್ರದಲ್ಲೂ ಪಿಟಿಒ ಶಾಫ್ಟಿಗೆ ಕವಚ ಇರಲಿ, ಹೆಗಲ ಟವೆಲ್, ಸೀರೆ ಸೆರಗು ಅದರ ಹತ್ತಿರ ಬೇಡ. ವಾಲ್ವ್ ಹಿಡಿದವನೇ ತುಂಡನ್ನೂ ನಿಲ್ಲಿಸಲಿ. ಇಬ್ಬರು ಹಂಚಿಕೊಂಡಾಗಲೇ ಬೆರಳು ಹೋಗುವುದು. ಹೋಸ್ ಸೋರುತ್ತಿದೆಯೇ ಎಂದು ಎಂದೂ ಕೈ ಸವರಿ ನೋಡಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಸೂಜಿಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮದೊಳಗೆ ಹೊಕ್ಕುತ್ತದೆ. ಗಾಯ ಚುಕ್ಕೆಯಷ್ಟೇ ಕಂಡರೂ ತಡಮಾಡದೆ ಹುಬ್ಬಳ್ಳಿಯಲ್ಲಿ ಕಿಮ್ಸ್ ಎಂದು ಕರೆಯುವ ಸರ್ಕಾರಿ ಆಸ್ಪತ್ರೆಯಂಥ, ಶಸ್ತ್ರಚಿಕಿತ್ಸೆ ಇರುವ ದೊಡ್ಡ ಆಸ್ಪತ್ರೆಗೆ ಹೋಗಿ, ಹೈಡ್ರಾಲಿಕ್ ಎಣ್ಣೆ ಒಳಗೆ ಹೋಗಿದೆ ಎಂದೇ ವೈದ್ಯರಿಗೆ ಹೇಳಿ.