ಹತ್ತೂವರೆ ತನಕ ಕಾಯುವ ತಾಟು

ಬೆಟಗೇರಿಯಿಂದ ಬಂದ ಪತ್ರ ಇದು. ನಾಲ್ಕು ಪುಟ. ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಈ ವಾರ ಈ ಒಂದು ಪತ್ರಕ್ಕೆ ಮಾತ್ರ ಉತ್ತರ ಬರೆಯುತ್ತೇನೆ. ಉಳಿದವರು ದಯವಿಟ್ಟು ಮುಂದಿನ ವಾರದ ತನಕ ತಾಳಬೇಕು.

ಬರೆದಾಕೆಗೆ 36 ವರ್ಷ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಗಂಡ ರೈಲ್ವೆ ನೌಕರ, ದಿನಾ ಗದಗದಿಂದ ಹುಬ್ಬಳ್ಳಿಗೆ ಹೋಗಿ ಬರುತ್ತಾರೆ. ಸಂಜೆ ಆರೂವರೆಗೆ ಮನೆ ಸೇರಿ, ಮುಖ ತೊಳೆದು, ಚಹಾ ಕುಡಿದು ಮತ್ತೆ ಚರ್ಚಿನ ಕೆಲಸಕ್ಕೆ ಹೊರಡುತ್ತಾರೆ. ಸೋಮವಾರ ಕಮಿಟಿ, ಮಂಗಳವಾರ ಮನೆ ಪ್ರಾರ್ಥನೆ, ಬುಧವಾರ ಬೈಬಲ್ ಸ್ಟಡಿ, ಗುರುವಾರ ಕ್ವಾಯರ್ ಅಂದರೆ ಹಾಡಿನ ತಂಡ, ಶುಕ್ರವಾರ ಉಪವಾಸ ಪ್ರಾರ್ಥನೆ, ಶನಿವಾರ ಯೌವನಸ್ಥರ ಕೂಟ. ಭಾನುವಾರ ಅಂತೂ ಬೆಳಗಿನಿಂದಲೇ ಚರ್ಚು. ಮನೆಯಲ್ಲಿ ನಾಲ್ಕನೇ ಕ್ಲಾಸಿನ ಮಗಳಿದ್ದಾಳೆ, ಅತ್ತೆ ಇದ್ದಾರೆ. ಅತ್ತೆಗೆ ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿದೆ. ಆಗಿನಿಂದ ಈಕೆ ಕ್ವಾಯರ್ ಬಿಟ್ಟಿದ್ದಾರೆ. ಒಮ್ಮೆ ಗಂಡನ ಹತ್ತಿರ ಬೇಸರ ತೋಡಿಕೊಂಡರೆ, ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು ಅಂತ ಬೈಬಲಿನಲ್ಲೇ ಇದೆ ಅಲ್ವಾ ಅಂದರಂತೆ. ಚರ್ಚಿನ ಸಭೆಯ ಹಿರಿಯರೊಬ್ಬರ ಹತ್ತಿರ ಹೋದರೆ ಅವರೂ, ಗಂಡನ ಸೇವೆಗೆ ಅಡ್ಡ ಬರಬೇಡಮ್ಮಾ ಅಂತ ಹೇಳಿ ಕಳಿಸಿದರಂತೆ. ಈಕೆಯ ಪ್ರಶ್ನೆ ಇಷ್ಟೇ: ದೇವರ ಕೆಲಸಕ್ಕೆ ಹೋಗುವ ಗಂಡನ ಮೇಲೆ ನನಗೆ ಸಿಟ್ಟು ಬರುತ್ತದೆ, ನನ್ನ ನಂಬಿಕೆಯಲ್ಲೇ ಏನಾದರೂ ಕೊರತೆ ಇದೆಯಾ?

ಇಲ್ಲ ತಂಗಿ, ನಿಮ್ಮ ನಂಬಿಕೆಗೆ ಏನೂ ಆಗಿಲ್ಲ. ಆ ಪ್ರಶ್ನೆ ಅಲ್ಲಿಗೆ ಬಿಡೋಣ. ನನ್ನ ನಿದ್ದೆ ಕೆಡಿಸಿದ್ದು ನಿಮ್ಮ ಮೂರನೇ ಪುಟ. ಹೊಲಿಗೆ ಮಷೀನ್ ರಿಪೇರಿ, ಮಗಳ ಟ್ಯೂಷನ್ ಫೀ, ಇವೆರಡರ ನಡುವೆ ಎರಡು ಸಾಲು ಬರೆದಿದ್ದೀರಿ. ಅತ್ತೆಯವರು ಮಗ ಬರುವ ತನಕ ಉಣ್ಣುವುದಿಲ್ಲ, ಹತ್ತೂವರೆ ಆಗುತ್ತದೆ, ಅವನಿಗೆ ಹೇಳಬೇಡ ಅಂದಿದ್ದಾರೆ, ನಾನೂ ಹೇಳಿಲ್ಲ. ಇಷ್ಟು ಬರೆದು ಮತ್ತೆ ಟ್ಯೂಷನ್ ಫೀಗೆ ಹೋಗಿದ್ದೀರಿ.

ಈ ಅಂಕಣ ಓದುವವರಿಗೆ ನನ್ನ ಒಂದು ಮಾತು ಬಾಯಿಪಾಠ ಆಗಿರಬೇಕು. ಒಂದು ಮನೆಯ ಒಳಗು ತಿಳಿಯಬೇಕಾದರೆ ಅಲ್ಲಿ ಕೊನೆಗೆ ಉಣ್ಣುವವರು ಯಾರು ನೋಡಿ. ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಕೈ ಬಿದ್ದ ಮುದುಕಿ. ಅದೂ ಯಾರು? ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು ಅಂತ ನೀವೇ ಬರೆದಿದ್ದೀರಿ. ಎಷ್ಟು ಜನ ರೋಗಿಗಳಿಗೆ ಅನ್ನ ಕಲಸಿ ಉಣಿಸಿದ ಕೈ ಅದು! ಈಗ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಯಾರಾದರೂ ಬಾಯಿಗಿಟ್ಟರೆ ಮಾತ್ರ ಊಟ. ನೀವು ಇಡಲು ಹೋದರೆ, "ನನ್ನ ಮಗಾ ಬಂದ್ನೇನವಾ?" ಅಂತ ಕೇಳಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಆ ಹೊತ್ತಿಗೆ ಮಗ ಎಲ್ಲಿರುತ್ತಾರೆ? ಇನ್ಯಾರದೋ ಮನೆಯಲ್ಲಿ, ಇನ್ಯಾರದೋ ತಾಯಿಯ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡುತ್ತಿರುತ್ತಾರೆ.

ಬೈಬಲಿನ ಮಾರ್ಕನ ಸುವಾರ್ತೆಯ ಏಳನೇ ಅಧ್ಯಾಯದಲ್ಲಿ ಕೊರ್ಬಾನ್ ಎಂಬ ಮಾತು ಬರುತ್ತದೆ. ದೇವರಿಗೆ ಮುಡಿಪಿಟ್ಟದ್ದು ಅಂತ ಅದರ ಅರ್ಥ. ನನ್ನಿಂದ ನಿಮಗೆ ಸಲ್ಲಬೇಕಾದದ್ದನ್ನು ದೇವರಿಗೆ ಕೊಟ್ಟುಬಿಟ್ಟಿದ್ದೇನೆ ಅಂತ ಮಗ ತಂದೆತಾಯಿಗೆ ಹೇಳಿ ಕೈತೊಳೆದುಕೊಳ್ಳಬಹುದು, ಆಗಿನ ಧರ್ಮಗುರುಗಳು ಅದಕ್ಕೆ ಒಪ್ಪಿಗೆ ಕೊಡುತ್ತಿದ್ದರು. ಯೇಸು ಅವರನ್ನು ಬಿಡಲಿಲ್ಲ. ನಿಮ್ಮ ಸಂಪ್ರದಾಯಕ್ಕಾಗಿ ದೇವರ ಮಾತನ್ನೇ ಇಲ್ಲದಂತೆ ಮಾಡುತ್ತಿದ್ದೀರಿ ಅಂತ ಮುಖಕ್ಕೆ ಹೇಳಿದ. ಆಗ ಮುಡಿಪಾಗುತ್ತಿದ್ದದ್ದು ಹಣ, ಆಸ್ತಿ. ಈಗ ಸಂಜೆಗಳು ಮುಡಿಪಾಗುತ್ತಿವೆ.

ಆದರೂ ನಿಮ್ಮ ಯಜಮಾನರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವರಿಗೆ ಗೊತ್ತೇ ಇಲ್ಲವಲ್ಲ! ಅವ್ವ ಉಂಡು ಮಲಗಿದ್ದಾಳೆ ಅಂದುಕೊಂಡಿದ್ದಾರೆ. ನನ್ನ ಸಿಟ್ಟೆಲ್ಲ ಆ ಹಿರಿಯರ ಮೇಲೆ. ಇವನಿಲ್ಲದಿದ್ದರೆ ಏನೂ ನಡೆಯುವುದಿಲ್ಲ ಅಂತ ಊಟದ ಹೊತ್ತಿಗೆ ಫೋನ್ ಮಾಡುವವರು ಅವರೇ. ಎಳೆಯುವ ಎತ್ತು ಸಿಕ್ಕಿತು ಅಂತ ಇಡೀ ಸಭೆಯ ಹೇರನ್ನು ಅದೊಂದರ ಮೇಲೇ ಹೊರಿಸಿದ್ದಾರೆ. ಹೆಂಡತಿ ಬಂದು ಕಷ್ಟ ಹೇಳಿಕೊಂಡರೆ ಆಕೆಗೇ ಬುದ್ಧಿವಾದ. ಒಮ್ಮೆಯಾದರೂ, ನಿಮ್ಮ ಅತ್ತೆ ಹೇಗಿದ್ದಾರಮ್ಮಾ ಅಂತ ಕೇಳಿದರಾ?

ಅವರು ಬೈಬಲಿನ ವಿಮೋಚನಕಾಂಡದ 18ನೇ ಅಧ್ಯಾಯ ಓದಬೇಕು. ಇಸ್ರಾಯೇಲ್ಯರ ನಾಯಕ ಮೋಶೆ ಬೆಳಗಿನಿಂದ ಸಂಜೆ ತನಕ ಒಬ್ಬನೇ ಕೂತು ಜನರ ವ್ಯಾಜ್ಯ ತೀರಿಸುತ್ತಿದ್ದ. ಹೆಂಡತಿ ಚಿಪ್ಪೋರಳನ್ನು ತವರಿಗೆ ಕಳಿಸಿಯಾಗಿತ್ತು. ಆಕೆಯನ್ನೂ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಮಾವ ಇತ್ರೋ ಬರುತ್ತಾನೆ. ಅಳಿಯನ ಕೆಲಸ ಒಂದು ದಿನ ಸುಮ್ನೆ ನೋಡುತ್ತಾನೆ. ಆಮೇಲೆ ಹೇಳುತ್ತಾನೆ: ನೀನು ಮಾಡುತ್ತಿರುವುದು ಒಳ್ಳೇದಲ್ಲ, ನೀನೂ ದಣಿಯುತ್ತೀ, ಜನರೂ ದಣಿಯುತ್ತಾರೆ. ಸಾವಿರಕ್ಕೊಬ್ಬ, ನೂರಕ್ಕೊಬ್ಬ, ಐವತ್ತಕ್ಕೊಬ್ಬ, ಹತ್ತಕ್ಕೊಬ್ಬ ಅಂತ ಮುಖ್ಯಸ್ಥರನ್ನು ನೇಮಿಸಿ ಕೆಲಸ ಹಂಚು. ಮೋಶೆ ಹಾಗೇ ಮಾಡಿದ. ನಿಮ್ಮ ಸಭೆಯಲ್ಲಿ ಇತ್ರೋನ ಹಾಗೆ ಮಾತಾಡಬೇಕಾಗಿದ್ದ ಮನುಷ್ಯ ಫೋನ್ ಹಿಡಿದು ಕೂತಿದ್ದಾರೆ.

ಇನ್ನು ಆ ಅಧೀನದ ಮಾತು. ಪೌಲ ಎಫೆಸದ ಸಭೆಯವರಿಗೆ ಬರೆದ ಪತ್ರಿಕೆಯ ಐದನೇ ಅಧ್ಯಾಯ, 22ನೇ ವಚನ. ಎಷ್ಟು ಮನೆಗಳಲ್ಲಿ ಇದೊಂದೇ ವಚನವನ್ನು ಬೆತ್ತದ ಹಾಗೆ ಬಳಸುವುದನ್ನು ನೋಡಿದ್ದೇನೆ! ಅದಕ್ಕಿಂತ ಮುಂಚಿನ 21ನೇ ವಚನ ಏನು ಹೇಳುತ್ತದೆ? ಕ್ರಿಸ್ತನ ಭಯದಲ್ಲಿ ಒಬ್ಬರಿಗೊಬ್ಬರು ತಗ್ಗಿ ನಡೆಯಿರಿ ಅನ್ನುತ್ತದೆ. ಒಬ್ಬರಿಗೊಬ್ಬರು. ತುಂಬ ಹಳೆಯ ಗ್ರೀಕ್ ಪ್ರತಿಗಳಲ್ಲಿ 22ನೇ ವಚನಕ್ಕೆ ಸ್ವಂತ ಕ್ರಿಯಾಪದವೇ ಇಲ್ಲ, 21ರಿಂದ ಎರವಲು ತಂದುಕೊಂಡೇ ಅರ್ಥ ಮಾಡಬೇಕು. ಮುಂಚಿನದನ್ನು ಬಿಟ್ಟರೆ ಅದು ನಿಲ್ಲುವುದೇ ಇಲ್ಲ. ಆಮೇಲೆ ಎಣಿಸಿ ನೋಡಿ. ಹೆಂಡಂದಿರಿಗೆ ಹೇಳಿದ್ದು ಮೂರು ವಚನ. ಗಂಡಂದಿರಿಗೆ 25ರಿಂದ ಮುಂದೆ ಅದರ ಎರಡರಷ್ಟಕ್ಕೂ ಜಾಸ್ತಿ. ಕ್ರಿಸ್ತನು ಸಭೆಗಾಗಿ ತನ್ನನ್ನೇ ಕೊಟ್ಟ ಹಾಗೆ ಪ್ರೀತಿಸಿ ಅಂತ ಇದೆ. 29ರಲ್ಲಿ, ಮನುಷ್ಯ ತನ್ನ ಮೈಯನ್ನು ಪೋಷಿಸುವ ಹಾಗೆ ಅಂತ ಇದೆ. ಪೋಷಿಸುವುದು ಅಂದರೆ ಉಣಿಸುವುದು. ಪೌಲ ಜೈಲಿನಲ್ಲಿ ಕೂತು ಗಂಡಂದಿರಿಗೆ ಉಣಿಸುವ ಮಾತು ಬರೆದಿದ್ದಾನೆ.

ನಿಮ್ಮ ಯಜಮಾನರು ಇದೇ ಅಧ್ಯಾಯದ ಇನ್ನೊಂದು ಮಾತನ್ನೂ ಹೇಳುತ್ತಾರಂತೆ, ಕಾಲವನ್ನು ಸುಮ್ಮನೆ ಕಳೆಯಬಾರದು ಅಂತ. 16ನೇ ವಚನ. ಒಳ್ಳೆಯ ಮಾತೇ. ಆದರೆ ಗ್ರೀಕಿನಲ್ಲಿ ಅಲ್ಲಿರುವುದು ಸಂತೆಯ ಮಾತು, ಬೆಲೆ ಕೊಟ್ಟು ಕೊಂಡುಕೊಳ್ಳುವುದು. ಕಾಲ ಕೊಳ್ಳಬೇಕಾದರೆ ಯಾರಾದರೂ ದುಡ್ಡು ತೆರಬೇಕು. ಅವರು ವಾರದ ಏಳೂ ದಿನ ಕೊಳ್ಳುತ್ತಿದ್ದಾರೆ. ತೆರುತ್ತಿರುವವರು ನೀವು, ನಿಮ್ಮ ಮಗಳು, ನಿಮ್ಮ ಅತ್ತೆ.

ನಮ್ಮ ಕಡೆ, ಹೆಚ್ಚಾಗಿ ಜರ್ಮನ್ ಪಾದ್ರಿಗಳಿದ್ದ ಬಾಸೆಲ್ ಮಿಷನ್ ಸಂಸ್ಥೆಯವರು 1837ರಲ್ಲಿ ಧಾರವಾಡಕ್ಕೆ ಬಂದರು, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಿಮ್ಮ ಬೆಟಗೇರಿಗೆ. ಪ್ರಸಂಗದ ಜೊತೆಗೇ ಶಾಲೆ ತೆರೆದರು, ಆಮೇಲೆ ಆಸ್ಪತ್ರೆ. ಜನ ಅದನ್ನು ಈಗಲೂ ಜರ್ಮನ್ ಆಸ್ಪತ್ರೆ ಅನ್ನುತ್ತಾರೆ. ಸೇವೆ ಅಂದರೆ ಗಾಯ ತೊಳೆಯುವುದು, ಗಂಜಿ ಕುಡಿಸುವುದು ಅಂತ ನಮ್ಮ ಅಜ್ಜಿಯರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಿಮ್ಮ ಅತ್ತೆಗೂ ಬೇಕಾಗಿರಲಿಲ್ಲ.

ನನ್ನ ಅವ್ವ ಹಾವೇರಿಯಲ್ಲಿದ್ದಳು, ನಾನು ಧಾರವಾಡದಲ್ಲಿ. ಅವಳ ಕೊನೆಯ ವರ್ಷ ಪ್ರತಿ ಶನಿವಾರ ಬರುತ್ತೇನೆ ಅನ್ನುತ್ತಿದ್ದೆ. ಮಹಿಳಾ ಕೂಟದ ಕೆಲಸ ಬರುತ್ತಿತ್ತು, ಹೋಗುತ್ತಿರಲಿಲ್ಲ. ಬೇಜಾರಾಯ್ತೇನವ್ವಾ ಅಂದರೆ, ಏನಿಲ್ಲ ಬಿಡು, ದೇವರ ಕೆಲಸ ಅನ್ನುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಪಕ್ಕದ ಮನೆಯಾಕೆ ಹೇಳಿದಳು, ಪ್ರತಿ ಶನಿವಾರ ನಿಮ್ಮವ್ವ ಎರಡು ರೊಟ್ಟಿ ಜಾಸ್ತಿ ಬಡಿಯುತ್ತಿದ್ದಳು ಅಂತ. ಆಕೆ ಅದನ್ನು ನನಗೆ ಮೊದಲೇ ಹೇಳಬಹುದಿತ್ತು. ಅದಕ್ಕೇ ನಿಮಗೆ ಇಷ್ಟು ಗಟ್ಟಿಯಾಗಿ ಬರೆಯುತ್ತಿದ್ದೇನೆ. ನಿಮ್ಮ ಅತ್ತೆ ಬೇಡ ಅಂದರು, ನೀವು ಬಾಯಿ ಬಿಡಲಿಲ್ಲ. ಅದು ಪ್ರೀತಿ ಅಂತ ನೀವಿಬ್ಬರೂ ಅಂದುಕೊಂಡಿದ್ದೀರಿ. ಅದರಿಂದ ಒಬ್ಬ ಮಗನಿಗೆ ತನ್ನ ತಾಯಿಗೆ ಉಣಿಸುವ ಸಂಜೆಗಳು ಕೈತಪ್ಪಿ ಹೋಗುತ್ತಿವೆ. ಮೇಲಾಗಿ ಆ ಹಿರಿಜೀವಕ್ಕೆ ಸಕ್ಕರೆ ಕಾಯಿಲೆ, ಎಂಟಕ್ಕೆ ಗುಳಿಗೆ ಬೇರೆ ಅಂತ ಬರೆದಿದ್ದೀರಿ. ಕೆಲವು ಗುಳಿಗೆ ನುಂಗಿ ಊಟ ತಡ ಮಾಡಿದರೆ ಸಕ್ಕರೆ ಇಳಿದು ತಲೆ ಸುತ್ತಬಹುದು, ಬೆವರಬಹುದು, ಎಚ್ಚರ ತಪ್ಪಲೂಬಹುದು. ಇದನ್ನು ಗುಟ್ಟಾಗಿ ಇಡುವುದು ಸರಿಯಲ್ಲ.

ನೀವು ಮಾಡಬೇಕಾದದ್ದು ಒಂದೇ. ಜಗಳ ಬೇಡ, ಹಿರಿಯರ ಹತ್ತಿರ ಮತ್ತೆ ಹೋಗುವುದೂ ಬೇಡ, 21ನೇ ವಚನ ತೆಗೆದು ಓದಿ ತೋರಿಸುವುದೂ ಬೇಡ. ಈ ರಾತ್ರಿ ಅವರು ಬಂದಾಗ ಹೇಳಿ: ಅವ್ವ ನೀವು ಬರುವ ತನಕ ಉಣ್ಣುವುದಿಲ್ಲ, ಎರಡು ವರ್ಷದಿಂದ ಹೀಗೇ ಇದೆ. ಬರುವ ಗುರುವಾರದಿಂದ ಪ್ರತಿ ಗುರುವಾರ ಏಳೂವರೆಗೆ ನೀವೇ ಉಣಿಸಿ, ಆ ಸಂಜೆ ನಾನು ಕ್ವಾಯರ್‌ಗೆ ಹೋಗುತ್ತೇನೆ. ಉಳಿದ ದಿನ ಮನೆಯಿಂದ ಹೊರಡುವ ಮುಂಚೆ ಅವ್ವನಿಗೆ ನಾಲ್ಕು ತುತ್ತು ಇಟ್ಟು ಹೋಗಿ. ಇಷ್ಟೇ ಹೇಳಿ, ಮುಂದಿನದನ್ನು ಅವರ ಬಾಯಿಂದ ಕೇಳಿ.

ಗುರುವಾರ ರೊಟ್ಟಿ ಬಡಿದಿಡಿ, ಹಾಲು ಕಾಯಿಸಿಡಿ. ನೆನೆಸಿಡಬೇಡಿ. ಎಷ್ಟು ಹೊತ್ತು ನೆನೆದರೆ ಅವ್ವನಿಗೆ ನುಂಗಲು ಬರುತ್ತದೆ ಅಂತ ಮಗ ತಾನೇ ಕಲಿಯಲಿ. ನೀವು ಹಾಡಿನ ಪುಸ್ತಕ ತೆಗೆದುಕೊಂಡು ಏಳಕ್ಕೇ ಹೊರಡಿ. ಆ ಹಿರಿಯರು ಅಲ್ಲಿದ್ದು, ನಿಮ್ಮ ಯಜಮಾನರೆಲ್ಲಿ ಅಂತ ಕೇಳಿದರೆ, ಅವ್ವನಿಗೆ ಉಣಿಸುತ್ತಿದ್ದಾರೆ ಅಂತ ಹೇಳಿ ನಿಮ್ಮ ಜಾಗದಲ್ಲಿ ನಿಂತುಕೊಳ್ಳಿ.