ಹೂವಿಗೆ ಕಣ್ಣು ಬಾಯಿ ಬಂದದ್ದು ಹೇಗೆ?

ಮೇಷ್ಟ್ರೇ, ನಮಸ್ಕಾರ.

ಹಾಸನದಿಂದ ನೀವು ಬರೆದ ನಾಲ್ಕು ಪುಟದ ಕಾಗದವನ್ನು ಎರಡು ಸಲ ಓದಿದೆ. ಮಿಕ್ಕ ಓದುಗರಿಗಾಗಿ ಅದರ ಸಾರ ಹೇಳಿಬಿಡುತ್ತೇನೆ. ಕಳೆದ ಸಂಚಿಕೆಯಲ್ಲಿ ನಾವು ಜಪಾನಿನ ತಕಾಶಿ ಮುರಕಾಮಿ ಅವರ ನಗುವ ಹೂಗಳ ಚಿತ್ರ ಹಾಕಿ ಅರ್ಧ ಪುಟದ ಪರಿಚಯ ಬರೆದಿದ್ದೆವು. ನೀವು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿದವರು. 'ಹೂವಿಗೆ ಕಣ್ಣು ಬಾಯಿ ಇಟ್ಟ ಹುಡುಗರಿಗೆ ಹಾಳೆ ವಾಪಸ್ ಕೊಟ್ಟು, ಹೋಗಿ ಹೂವು ನೋಡಿಕೊಂಡು ಬಾ ಅಂತಿದ್ದೆ. ಈಗ ಮೊಮ್ಮಗಳ ಟೀ ಶರ್ಟಿನ ಮೇಲೆ ಅದೇ ಹೂವು. ನೀವೂ ಇದನ್ನು ಕಲೆ ಅಂದರೆ ಅವಳಿಗೆ ನಾನೇನು ಹೇಳಲಿ?' ಎಂದು ಕೇಳಿದ್ದೀರಿ. ಆಳುಗಳನ್ನಿಟ್ಟು ಬರೆಸುವುದು, ಬ್ಯಾಗ್ ಕಂಪನಿಗೆ ಡಿಸೈನ್ ಮಾಡಿಕೊಡುವುದು, ಇವೂ ನಿಮಗೆ ಸರಿಬಂದಿಲ್ಲ.

ತಪ್ಪು ನಮ್ಮದು. ಅರ್ಧ ಪುಟದಲ್ಲಿ ಹರಾಜಿನ ಬೆಲೆ, ಬ್ಯಾಗು, ಟೀ ಶರ್ಟು ಇಷ್ಟನ್ನೇ ಹೇಳಿ ಮುಗಿಸಿದೆವು. ನಿಮ್ಮಂಥವರಿಗೆ ಮೊದಲು ಹೇಳಬೇಕಿದ್ದ ಮಾತೇ ಬಿಟ್ಟುಹೋಯಿತು. ಮುರಕಾಮಿ ಕೂಡ ಹೂವು ಬರೆಯುವುದನ್ನು ಕಲಿಸಿದ ಮೇಷ್ಟ್ರು. ಅದೂ ಒಂಬತ್ತು ವರ್ಷ.

ಅವರು ಹುಟ್ಟಿದ್ದು 1962ರಲ್ಲಿ, ಟೋಕಿಯೊದಲ್ಲಿ. ತಂದೆ ಟ್ಯಾಕ್ಸಿ ಓಡಿಸುತ್ತಿದ್ದರು. ಹುಡುಗನಿಗೆ ಕಾರ್ಟೂನ್ ಸಿನಿಮಾ ಮಾಡುವ ಆಸೆ. ಆದರೆ ಸೇರಿದ್ದು ಟೋಕಿಯೊದ ರಾಷ್ಟ್ರೀಯ ಕಲಾ ವಿಶ್ವವಿದ್ಯಾಲಯಕ್ಕೆ, ಅಲ್ಲಿನ 'ನಿಹೊಂಗಾ' ವಿಭಾಗಕ್ಕೆ. ನಿಹೊಂಗಾ ಅಂದರೆ ಜಪಾನಿ ಸಂಪ್ರದಾಯದ ಚಿತ್ರಕಲೆ. ಖನಿಜದ ಕಲ್ಲನ್ನು ಪುಡಿ ಮಾಡಿ, ಪ್ರಾಣಿಗಳ ಚರ್ಮದಿಂದ ತೆಗೆದ ಅಂಟಿನಲ್ಲಿ ಕಲಸಿ, ರೇಷ್ಮೆಯ ಮೇಲೋ ಕಾಗದದ ಮೇಲೋ ಪದರ ಪದರವಾಗಿ ಹಚ್ಚುವ ಕೆಲಸ. ಅಲ್ಲಿ ಸೀಟು ಸಿಗುವುದು ಸುಲಭವಲ್ಲ. ಪ್ರವೇಶ ಪರೀಕ್ಷೆಗೆಂದು ಎರಡು ವರ್ಷ ದಿನಾ ಹೂವು ಬರೆದು ಅಭ್ಯಾಸ ಮಾಡಿದರು. ಪರೀಕ್ಷೆಯಲ್ಲೂ ಬರೆಯಬೇಕಾಗಿ ಬಂದದ್ದು ಹೂವನ್ನೇ. ಆಮೇಲೆ ಹೊಟ್ಟೆಪಾಡಿಗೆ ಅದೇ ಪರೀಕ್ಷೆಯ ಕೋಚಿಂಗ್ ಶಾಲೆಯಲ್ಲಿ ಪಾಠ. ಎರಡು ದಿನಕ್ಕೊಮ್ಮೆ ಹೂವು ಕೊಂಡು ತಂದು, ಹುಡುಗರ ಮುಂದೆ ಜೋಡಿಸಿಟ್ಟು ಬರೆಸುವುದು. 1993ರಲ್ಲಿ ನಿಹೊಂಗಾದಲ್ಲೇ ಡಾಕ್ಟರೇಟ್ ಕೂಡ ಪಡೆದರು.

ಆ ದಿನಗಳ ಬಗ್ಗೆ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಮೊದಮೊದಲು ಹೂವೆಂದರೆ ಅವರಿಗೆ ಇಷ್ಟವೇ ಇರಲಿಲ್ಲವಂತೆ. ದಿನಾ ನೋಡಿ ನೋಡಿ ಅದರ ವಾಸನೆ, ಆಕಾರ ಎಲ್ಲ ಸೇರಿ ಹೊಟ್ಟೆ ತೊಳಸುವಷ್ಟಾಯಿತಂತೆ. ಜೊತೆಗೇ ಮುದ್ದೂ ಅನ್ನಿಸತೊಡಗಿತಂತೆ. ಒಂದೊಂದು ಹೂವಿಗೂ ಅದರದೇ ಮನಸ್ಸು, ಅದರದೇ ಸ್ವಭಾವ ಇದೆ ಅಂತ ಕಂಡಿತಂತೆ. ಮೇಷ್ಟ್ರೇ, ನಿಮಗೂ ಎಂದಾದರೂ ಹೀಗೆ ಅನ್ನಿಸಿರಬೇಕು, ಅಲ್ವಾ? ಒಂದೇ ದಾಸವಾಳವನ್ನು ಅಷ್ಟು ವರ್ಷ ಬೋರ್ಡಿನ ಮೇಲೆ ಬರೆದಿದ್ದೀರಿ. ನೀವು ವಾಪಸ್ ಕಳಿಸಿದ ಹುಡುಗರು ಹೂವನ್ನು ನೋಡದೆ ಮುಖ ಬರೆದಿದ್ದರು. ಇವರು ನೋಡಿ ನೋಡಿ ಸಾಕಾದ ಮೇಲೆ ಮುಖ ಬರೆದರು. ನನಗೆ ಈ ವ್ಯತ್ಯಾಸ ಬಹಳ ದೊಡ್ಡದು.

ಕಳೆದ ಸಂಚಿಕೆ ಕೈಗೆತ್ತಿಕೊಂಡು ಆ ಚಿತ್ರವನ್ನು ಹತ್ತಿರದಿಂದ ನೋಡಿ. ನಡುವೆ ದುಂಡು ಮುಖ, ಸುತ್ತ ಉಂಡೆಯಂಥ ಎಸಳು, ತೆರೆದ ಬಾಯಿ. ನೆರಳಿಲ್ಲ, ದೂರ ಹತ್ತಿರ ಅನ್ನುವುದಿಲ್ಲ, ಕುಂಚದ ಗುರುತೂ ಇಲ್ಲ. ಎಲ್ಲವೂ ಒಂದೇ ಮಟ್ಟದಲ್ಲಿ ಒತ್ತಿಕೊಂಡು ನಿಂತಿವೆ. 2000ದಲ್ಲಿ ಮುರಕಾಮಿ ಇದಕ್ಕೆ 'ಸೂಪರ್‌ಫ್ಲಾಟ್' ಅಂತ ಹೆಸರಿಟ್ಟರು. ಹದಿನೆಂಟನೇ ಶತಮಾನದ ಇತೋ ಜಾಕುಚು ಬರೆದ ಕೋಳಿಗಳಿಂದ ಹಿಡಿದು ಇವತ್ತಿನ ಕಾರ್ಟೂನ್ ಸಿನಿಮಾದವರೆಗೆ ಜಪಾನಿನ ಕಣ್ಣು ಹೀಗೇ ಚಪ್ಪಟೆಯಾಗಿ ನೋಡುತ್ತಾ ಬಂದಿದೆ ಅನ್ನುವುದು ಅವರ ವಾದ.

ಇನ್ನು ಆ ನಗು. ಅವರ ತಾಯಿಯ ಊರು ಕೊಕುರಾ. 1945ರ ಆಗಸ್ಟ್ 9ರಂದು ಎರಡನೇ ಅಣುಬಾಂಬ್ ಬೀಳಬೇಕಿದ್ದದ್ದು ಆ ಊರಿನ ಮೇಲೆ. ಮೋಡ, ಹೊಗೆ ಮುಸುಕಿ ಊರು ಕಾಣಲಿಲ್ಲ. ವಿಮಾನ ನಾಗಸಾಕಿಗೆ ತಿರುಗಿತು. ಅವತ್ತು ಆಕಾಶ ತಿಳಿಯಾಗಿದ್ದರೆ ನೀನು ಹುಟ್ಟುತ್ತಲೇ ಇರಲಿಲ್ಲ ಅನ್ನುವ ಮಾತು ಕೇಳುತ್ತಲೇ ಬೆಳೆದ ಮಗ ಇವರು. 2005ರಲ್ಲಿ ನ್ಯೂಯಾರ್ಕಿನಲ್ಲಿ ತಾವೇ ಏರ್ಪಡಿಸಿದ ಪ್ರದರ್ಶನಕ್ಕೆ 'ಲಿಟಲ್ ಬಾಯ್' ಅಂತ ಹೆಸರಿಟ್ಟರು. ಅದು ಹಿರೋಶಿಮಾದ ಮೇಲೆ ಬಿದ್ದ ಬಾಂಬಿನ ಹೆಸರು. ಸೋತ ದೇಶ ಅಮೆರಿಕದ ನೆರಳಿನಲ್ಲಿ ಮಗುವಾಗಿಯೇ ಉಳಿಯಿತು, ಅದರ ಮುದ್ದು ಗೊಂಬೆಗಳ, ರಾಕ್ಷಸರ ಕಥೆಗಳ ಹಿಂದೆ ಆ ಹಳೇ ಗಾಯ ಇದೆ ಎಂದು ಅಲ್ಲಿ ಹೇಳಿದರು. ಅಣಬೆಯಾಕಾರದ ಹೊಗೆಯನ್ನೇ ತಲೆಬುರುಡೆಯಾಗಿಸಿ, ಥಳಥಳಿಸುವ ಬಣ್ಣದಲ್ಲಿ ಬರೆದದ್ದೂ ಇದೆ. ಇದು ಗೊತ್ತಾದ ಮೇಲೆ ಆ ಹೂಗಳ ನಗು ನನಗೆ ಮೊದಲಿನ ಹಾಗೆ ಕಾಣುತ್ತಿಲ್ಲ. ಕೆಲವು ಚಿತ್ರಗಳಲ್ಲಿ ಹೂಗಳು ಅಳುತ್ತವೆ ಕೂಡ.

ಬೇರೆಯವರ ಕೈಲಿ ಬರೆಸುವ ವಿಚಾರಕ್ಕೆ ಬರುತ್ತೇನೆ. ಹೌದು, ಅವರ 'ಕೈಕೈ ಕಿಕಿ' ಸ್ಟುಡಿಯೋದಲ್ಲಿ ಹತ್ತಾರು ಜನ ಕೆಲಸ ಮಾಡುತ್ತಾರೆ. ಮುರಕಾಮಿ ಪೆನ್ಸಿಲಿನಲ್ಲಿ ಬರೆದದ್ದು ಕಂಪ್ಯೂಟರಿಗೆ ಹೋಗುತ್ತದೆ, ಗೆರೆ ತಿದ್ದಿ ಬಣ್ಣಗಳಿಗೆ ನಂಬರ್ ಹಾಕುತ್ತಾರೆ, ಆಮೇಲೆ ಕ್ಯಾನ್ವಾಸಿನ ಮೇಲೆ ಇಳಿಯುತ್ತದೆ. ಆದರೆ ದೊಡ್ಡ ಚಿತ್ರಗಳ ಹಿಂಬದಿ ತಿರುಗಿಸಿದರೆ ಅದಕ್ಕೆ ದುಡಿದವರ ಹೆಸರುಗಳಿರುತ್ತವೆ. ಒಂದೊಂದು ಚಿತ್ರದ ಹಿಂದೆ 20ಕ್ಕೂ ಹೆಚ್ಚು ಹೆಸರು. ಜಪಾನಿನಲ್ಲಿ ಇದು ಹೊಸದೂ ಅಲ್ಲ. ಹೊಕುಸಾಯ್ ಅವರ ಆ ಪ್ರಸಿದ್ಧ ಅಲೆಯ ಚಿತ್ರವನ್ನು ನೀವೂ ಪಾಠದಲ್ಲಿ ತೋರಿಸಿರುತ್ತೀರಿ. ಬರೆದವರು ಹೊಕುಸಾಯ್. ಮರದಲ್ಲಿ ಕೆತ್ತಿದವರು ಇನ್ನೊಬ್ಬರು, ಅಚ್ಚು ಹಾಕಿದವರು ಮತ್ತೊಬ್ಬರು.

ಇದಕ್ಕೆ ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ ಉದಾಹರಣೆ '500 ಅರ್ಹಂತರು' ಎಂಬ ಚಿತ್ರ. ಬೌದ್ಧರಲ್ಲಿ ಅರ್ಹಂತರೆಂದರೆ ಬುದ್ಧನ ದಾರಿಯಲ್ಲಿ ನಡೆದು ಜ್ಞಾನ ಪಡೆದ ಸಾಧಕರು. 2011ರ ಮಾರ್ಚ್ 11ರ ಭೂಕಂಪ, ಸುನಾಮಿ ಆದ ಮೇಲೆ ಬರೆದದ್ದು. ಎತ್ತರ 3 ಮೀಟರ್, ಉದ್ದ 100 ಮೀಟರ್. ನಿಮ್ಮ ಶಾಲೆಯ ಕ್ರೀಡಾಕೂಟದಲ್ಲಿ ಮಕ್ಕಳು ಓಡುತ್ತಿದ್ದರಲ್ಲ, ಅಷ್ಟೂ ದಾರಿಗೆ ಒಂದೇ ಚಿತ್ರ. ಕಲಾಶಾಲೆಗಳ 200ಕ್ಕೂ ಹೆಚ್ಚು ವಿದ್ಯಾರ್ಥಿಗಳು ಪಾಳಿಯಲ್ಲಿ ಹಗಲೂ ರಾತ್ರಿ ಬರೆದರು. ಸುಕ್ಕುಗಟ್ಟಿದ ಮುಖದ ಮುದುಕರು, ಬೆಂಕಿ, ಆನೆ, ಹುಲಿ, ಡ್ರ್ಯಾಗನ್. ಮೊದಲು ತೋರಿಸಿದ್ದು 2012ರಲ್ಲಿ ಕತಾರಿನ ದೋಹಾದಲ್ಲಿ. ದುರಂತ ಆದಾಗ ಬೇಗ ನೆರವಿಗೆ ಬಂದ ದೇಶ ಅದು, ಅದಕ್ಕೆ ಕೃತಜ್ಞತೆ.

ಅರ್ಹಂತ ಅನ್ನುವ ಪದ ನಿಮ್ಮ ಜಿಲ್ಲೆಯವರಿಗೆ ಹೊಸದಲ್ಲ. ಶ್ರವಣಬೆಳಗೊಳದಲ್ಲಿ ಕಿವಿಗೆ ಬೀಳುವ 'ಣಮೋ ಅರಿಹಂತಾಣಂ' ನೆನಪಾಗುತ್ತದೆ. ಅರ್ಥ ಬೌದ್ಧರಲ್ಲಿ ಬೇರೆ, ಆದರೆ ಪದದ ಬೇರು ಒಂದೇ. ಚೀನಾ ದಾಟಿ ಜಪಾನಿಗೆ ಹೋಗುವಷ್ಟರಲ್ಲಿ ಅದು 'ರಕಾನ್' ಆಯಿತು. ಮುರಕಾಮಿಗೆ ದಾರಿ ತೋರಿಸಿದವರು ಕಾನೋ ಕಜುನೊಬು ಎಂಬ ಹತ್ತೊಂಬತ್ತನೇ ಶತಮಾನದ ಚಿತ್ರಕಾರ. ಟೋಕಿಯೊದ ಜೊಜೊಜಿ ದೇವಾಲಯಕ್ಕೆ 100 ಸುರುಳಿಗಳಲ್ಲಿ 500 ಅರ್ಹಂತರನ್ನು ಬರೆಯಲು ಹೊರಟಿದ್ದರು. 1855ರಲ್ಲಿ ಆ ಊರಿಗೂ ಭಾರಿ ಭೂಕಂಪ ಬಡಿದಿತ್ತು. ಕೊನೆಯ ಕೆಲವು ಸುರುಳಿ ಉಳಿದಿರುವಾಗಲೇ 1863ರಲ್ಲಿ ತೀರಿಕೊಂಡರು. ಉಳಿದದ್ದನ್ನು ಮುಗಿಸಿದವರು ಅವರ ಹೆಂಡತಿ ಮತ್ತು ಶಿಷ್ಯ. ಅದನ್ನು ಕಜುನೊಬು ಅವರ ಕೆಲಸವಲ್ಲ ಅಂತ ಯಾರೂ ಹೇಳುವುದಿಲ್ಲ.

ಬ್ಯಾಗಿನ ವಿಷಯ ಚಿಕ್ಕದು. 2003ರಲ್ಲಿ ಫ್ರಾನ್ಸಿನ ಲೂಯಿ ವಿಟಾನ್ ಕಂಪನಿಯ ಬ್ಯಾಗುಗಳಿಗೆ 33 ಬಣ್ಣ ಹಾಕಿಕೊಟ್ಟರು. 'ಲಲಿತಕಲೆ' ಅನ್ನುವ ಅರ್ಥದ ಜಪಾನಿ ಪದ 'ಬಿಜುತ್ಸು' ಹುಟ್ಟಿದ್ದೇ 1873ರ ವಿಯೆನ್ನಾ ವಸ್ತುಪ್ರದರ್ಶನದ ಸಮಯದಲ್ಲಿ. ಅದಕ್ಕೆ ಮೊದಲು ಅಲ್ಲಿ ಚಿತ್ರ ಬೇರೆ, ಬೀಸಣಿಗೆ ಬೇರೆ ಅಂತ ಗೆರೆ ಎಳೆದಿರಲಿಲ್ಲ. ಮುರಕಾಮಿ ಆ ಗೆರೆ ಒಪ್ಪುವುದಿಲ್ಲ, ಅಷ್ಟೇ.

ಎಲ್ಲವನ್ನೂ ನಾನು ಒಪ್ಪುತ್ತೇನೆ ಅಂದುಕೊಳ್ಳಬೇಡಿ. 2008ರಲ್ಲಿ 1.5 ಕೋಟಿ ಡಾಲರಿಗೂ ಮೀರಿ ಹರಾಜಾದ ಅವರ ಬೆತ್ತಲೆ ಪ್ರತಿಮೆ ನನಗೆ ಹಿಡಿಸಿಲ್ಲ. ಬೆಲೆ ಹೇಳಿ ನಾವು ಅವರನ್ನು ಪರಿಚಯಿಸಿದ್ದಂತೂ ಸರಿಯಲ್ಲ. ಮುಂದಿನ ಸಂಚಿಕೆಯ ನಡುಪುಟದಲ್ಲಿ ಅರ್ಹಂತರ ಚಿತ್ರದ ಒಂದು ಭಾಗ ಹಾಕಲು ಪ್ರಯತ್ನಿಸುತ್ತೇವೆ.

ಮೊಮ್ಮಗಳ ಮುಂದೆ ನಿಮ್ಮ ಹಿತ್ತಲಿನ ಹೂವೊಂದನ್ನು ಇಟ್ಟು, ಒಂದು ವಾರ ದಿನಾ ಅದನ್ನೇ ಬರೆಸಿ. ಕೊನೇ ದಿನ ಅವಳಿಗೆ ಬೇಕೆನಿಸಿದರೆ ಕಣ್ಣು ಬಾಯಿ ಇಡಲಿ. ಏಳೂ ಹಾಳೆ ನಮಗೆ ಕಳಿಸಿಕೊಡಿ, ಜೊತೆಗೆ ನೀವು ಬರೆದದ್ದೊಂದು ಇರಲಿ.

ನಿಮ್ಮ
ಸಂಪಾದಕ