ಮಗಳ ನೆನಪಿಗೆ ಶಿಬಿರ ಮೊದಲಾ, ಟ್ರಸ್ಟ್ ಮೊದಲಾ? ಎರಡೂ ಬೇಡ

ಥಲಸ್ಸೇಮಿಯಾದಿಂದ ಹೋದ ಮಗಳ ಮೊದಲ ವರ್ಷದ ದಿನ ದೊಡ್ಡ ರಕ್ತದಾನ ಶಿಬಿರ ಮಾಡಬೇಕು, ಅವಳ ಹೆಸರಲ್ಲಿ ಟ್ರಸ್ಟ್ ತೆಗೆಯಬೇಕು, ಯಾವುದು ಮೊದಲು ಅಂತ ಕೇಳಿದ್ದೀರಿ. ಎರಡೂ ಬೇಡ. ಒರಟಾಗಿ ಕೇಳಿಸಿದರೆ ಕ್ಷಮಿಸಿ. ನಾನು ಎರಡನ್ನೂ ಮಾಡಿದವನು.

ನನ್ನ ಮಗನಿಗೂ ಥಲಸ್ಸೇಮಿಯಾ ಮೇಜರ್. ಎಂಟು ತಿಂಗಳಿದ್ದಾಗ ಗೊತ್ತಾಯಿತು, ಹನ್ನೆರಡು ವರ್ಷ ಇದ್ದ. ಮೈ ತಾನಾಗಿ ಸಾಕಷ್ಟು ಹಿಮೋಗ್ಲೋಬಿನ್ ಮಾಡಿಕೊಳ್ಳದ, ಹುಟ್ಟಿನಿಂದಲೇ ಬರುವ ಕಾಯಿಲೆ, ಹಾಗಾಗಿ ಮೂರು ವಾರಕ್ಕೊಮ್ಮೆ ರಕ್ತ. ನಿಮಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ, ಆದರೆ ಬೇರೆಯವರೂ ಓದುತ್ತಾರಲ್ಲ. ಒಂದೊಂದು ಚೀಲ ರಕ್ತದ ಜೊತೆ 200 ಮಿಲಿಗ್ರಾಂನಷ್ಟು ಕಬ್ಬಿಣ ಮೈಯೊಳಗೆ ಹೋಗುತ್ತದೆ, ಅದನ್ನು ಹೊರಗೆ ಹಾಕುವ ದಾರಿ ದೇಹಕ್ಕಿಲ್ಲ. ಲಿವರ್‌ನಲ್ಲಿ, ಹೃದಯದಲ್ಲಿ ಹೋಗಿ ಕೂರುತ್ತದೆ. ಅದಕ್ಕೇ ರಾತ್ರಿ ಹೊಟ್ಟೆಯ ಚರ್ಮದ ಕೆಳಗೆ ಸೂಜಿ ಇಟ್ಟು ಕಬ್ಬಿಣ ಹೊರಗೆ ಹಾಕುವ ಔಷಧಿ ಡೆಸ್ಫೆರಾಲ್‌ನ ಪಂಪ್ ಹಾಕುತ್ತಿದ್ದೆವು, ಎಂಟು ಹತ್ತು ಗಂಟೆ, ವಾರಕ್ಕೆ ಐದಾರು ರಾತ್ರಿ. ಆಮೇಲೆ ಮಾತ್ರೆಗೆ ಬದಲಾಯಿಸಿದರು. ಅಷ್ಟರಲ್ಲಿ ಫೆರಿಟಿನ್, ಅಂದರೆ ಮೈಯಲ್ಲಿ ಎಷ್ಟು ಕಬ್ಬಿಣ ಕೂಡಿದೆ ಅಂತ ತೋರಿಸುವ ಅಳತೆ, ಏರಿ ಕೂತಿತ್ತು. ಕೊನೆಗೆ ಸೋತಿದ್ದು ಹೃದಯವೇ. ಅವನು ಹೋದ ಮೇಲೂ ಎಷ್ಟೋ ತಿಂಗಳು ನಡುರಾತ್ರಿ ಎದ್ದು ಸೂಜಿ ಸರಿದಿದೆಯಾ ಅಂತ ನೋಡಲು ಅವನ ಕೋಣೆಗೆ ಹೋಗುತ್ತಿದ್ದೆ. ನಿಮಗೂ ಹೀಗೆ ಆಗುತ್ತಿರಬಹುದು, ಅಲ್ವಾ?

ಆ ಕೈ ಖಾಲಿಯಾಗಿದ್ದ ಹೊತ್ತಲ್ಲೇ ಶಿಬಿರದ ಯೋಚನೆ ಬಂತು. ಅವನ ಹುಟ್ಟಿದ ದಿನ, ಅವನ ಫೋಟೋ ಹಾಕಿದ ದೊಡ್ಡ ಬ್ಯಾನರ್. ಆಫೀಸಿನವರು, ನೆಂಟರು, ಅವನ ಶಾಲೆಯ ಟೀಚರ್‌ಗಳು, ಮಕ್ಕಳ ಅಪ್ಪ ಅಮ್ಮಂದಿರು, ಎಲ್ಲರನ್ನೂ ಕರೆದೆ. ಬ್ಲಡ್ ಬ್ಯಾಂಕಿನ ಒಬ್ಬ ಟೆಕ್ನಿಷಿಯನ್ ಮೊದಲೇ ಹೇಳಿದ್ದರು, ಸಾರ್, ಒಂದೇ ದಿನ ಇಷ್ಟು ಬೇಡ, ನಾಲ್ಕು ಭಾಗ ಮಾಡಿ ಅಂತ. ನನಗೆ ಸಿಟ್ಟು ಬಂದಿತ್ತು. ಮಗನ ಹುಟ್ಟಿದ ದಿನವನ್ನು ನಾಲ್ಕು ಭಾಗ ಮಾಡುವುದು ಹೇಗೆ? 186 ಜನ ಕೊಟ್ಟರು. ಅವತ್ತು ರಾತ್ರಿ ತಿಂಗಳುಗಳ ನಂತರ ಚೆನ್ನಾಗಿ ನಿದ್ದೆ ಬಂತು, ಅದನ್ನೂ ಹೇಳಿಬಿಡುತ್ತೇನೆ.

ಈಗ ತಪ್ಪಿನ ವಿಷಯ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಮಾಧಾನ ಇಲ್ಲ, ಸ್ವಲ್ಪ ಸಹಿಸಿಕೊಳ್ಳಿ. ರಕ್ತ ಕಾಯುವುದಿಲ್ಲ. ಕೆಂಪು ಕಣದ ಚೀಲಕ್ಕೆ ಫ್ರಿಜ್‌ನಲ್ಲಿ ಆಯಸ್ಸು 35 ದಿನ, ಬೇರೆ ದ್ರಾವಣ ಹಾಕಿದ್ದರೆ 42. ಪ್ಲೇಟ್‌ಲೆಟ್‌ಗೆ ಐದು ದಿನ ಅಷ್ಟೇ. ಅದರಲ್ಲೂ ನಮ್ಮ ಮಕ್ಕಳಿಗೆ ಎರಡು ವಾರದೊಳಗಿನ ತಾಜಾ ರಕ್ತ ಸಿಕ್ಕರೆ ಒಳ್ಳೆಯದು ಅಂತ ಡಾಕ್ಟರ್‌ಗಳೇ ಹೇಳುತ್ತಾರೆ, ಕಣಗಳು ಹೊಸದಾಗಿದ್ದಷ್ಟು ಮೈಯಲ್ಲಿ ಜಾಸ್ತಿ ದಿನ ಉಳಿಯುತ್ತವೆ. ಸರಿ, ಆ ರಕ್ತದಲ್ಲಿ ಎಷ್ಟೋ ಬಳಕೆಯಾಯಿತು, ಒಂದಷ್ಟು ತಾರೀಕು ಮುಗಿದು ಹೋಯಿತು. ಅದು ಅರ್ಧ ತಪ್ಪು. ಇನ್ನರ್ಧ ಇದಕ್ಕಿಂತ ಕೆಟ್ಟದ್ದು. ಒಮ್ಮೆ ಕೊಟ್ಟವರು ಮತ್ತೆ ಗಂಡಸರಾದರೆ ಮೂರು ತಿಂಗಳು, ಹೆಂಗಸರಾದರೆ ನಾಲ್ಕು ತಿಂಗಳು ಕೊಡುವ ಹಾಗಿಲ್ಲ. ನನಗೆ ಗೊತ್ತಿದ್ದ, ನನ್ನ ಮಾತಿಗೆ ಬರುವ ಅಷ್ಟೂ ಜನರನ್ನು ನಾನು ಒಂದೇ ದಿನದಲ್ಲಿ ಖರ್ಚು ಮಾಡಿಬಿಟ್ಟಿದ್ದೆ.

ಆರು ವಾರದ ಮೇಲೆ ಒಬ್ಬ ತಾಯಿ ಫೋನ್ ಮಾಡಿದರು. ವಾರ್ಡಿನಲ್ಲಿ ನನ್ನ ಮಗನ ಪಕ್ಕದ ಮಂಚದಲ್ಲಿ ಎಷ್ಟೋ ವರ್ಷ ರಕ್ತ ಹಾಕಿಸಿಕೊಂಡ ಹುಡುಗಿಯ ತಾಯಿ. ರಜೆಯ ದಿನಗಳು, ಬ್ಯಾಂಕಿನಲ್ಲಿ ಬಿ ನೆಗೆಟಿವ್ ಇಲ್ಲ, ಮಗುವಿನ ಹಿಮೋಗ್ಲೋಬಿನ್ ಆರಕ್ಕೆ ಬಂದಿದೆ. ನಾನು ಪಟ್ಟಿ ಹಿಡಿದು ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಎಲ್ಲರದ್ದೂ ಒಂದೇ ಉತ್ತರ: ಮೊನ್ನೆ ತಾನೇ ನಿಮ್ಮ ಮಗನ ಹೆಸರಲ್ಲಿ ಕೊಟ್ಟೆನಲ್ಲ. ಆ ಮಗುವಿಗೆ ರಕ್ತ ಸಿಕ್ಕಿದ್ದು ನಾಲ್ಕು ದಿನ ತಡವಾಗಿ, ಬೇರೆ ಯಾರಿಂದಲೋ.

ಇದರಲ್ಲಿ ನನ್ನನ್ನು ಜಾಸ್ತಿ ಸುಡುವುದು ಯಾವುದು ಗೊತ್ತಾ? ನನ್ನ ಮಗ ಪ್ರತಿ ಸಲ ಚೀಲದ ಮೇಲಿನ ಲೇಬಲ್ ಓದುತ್ತಿದ್ದ. ಓದಲು ಕಲಿತ ದಿನದಿಂದ. ತೆಗೆದ ತಾರೀಕು, ಮುಗಿಯುವ ತಾರೀಕು. ಅಪ್ಪಾ, ಇದು ಮೊನ್ನೆ ಸೋಮವಾರದ್ದು, ಯಾರೋ ಸೋಮವಾರ ನನಗೋಸ್ಕರ ಹೋಗಿದ್ದಾರೆ ಅನ್ನುತ್ತಿದ್ದ. ಇನ್ನೂರಕ್ಕೂ ಹೆಚ್ಚು ಚೀಲ ಅವನ ಜೊತೆ ಕೂತು ಓದಿದವನು ನಾನು. ತಾರೀಕಿನ ಅರ್ಥ ನನಗಿಂತ ಚೆನ್ನಾಗಿ ಗೊತ್ತಿದ್ದ ಇನ್ನೊಬ್ಬ ಅಪ್ಪ ಇರಲಿಕ್ಕಿಲ್ಲ. ಆದರೂ ಬ್ಯಾನರ್ ಮೇಲೆ ಅವನ ಮುಖ ಕಂಡ ಕೂಡಲೇ ಎಲ್ಲ ಮರೆತೆ. ಆ ಶಿಬಿರ ಮಕ್ಕಳಿಗಾಗಿ ಇರಲಿಲ್ಲ, ನನಗಾಗಿ ಇತ್ತು. ತಪ್ಪೇನಿಲ್ಲ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ.

ಟ್ರಸ್ಟ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮಾಡಿದೆ, ಮೂರು ವರ್ಷ ನಡೆಸಿದೆ, ಮುಚ್ಚಿದೆ. ಲೆಕ್ಕಪತ್ರ, ಸಭೆ, ಸಹಿ, ಇದರಲ್ಲೇ ಹೋಯಿತು. ನನ್ನ ಹೆಂಡತಿ ಒಂದು ಸಭೆಗೂ ಬರಲಿಲ್ಲ. ಲೆಟರ್‌ಹೆಡ್ ಮೇಲೆ ಅವನ ಹೆಸರು ನೋಡಲು ನನ್ನಿಂದಾಗುವುದಿಲ್ಲ ಅಂದಳು. ಆಗ ಇವಳಿಗೆ ಆಸಕ್ತಿ ಇಲ್ಲ ಅಂದುಕೊಂಡಿದ್ದೆ, ಮೂರ್ಖ ನಾನು. ನೀವು ಮೊದಲು ಮನೆಯಲ್ಲಿ ಕೇಳಿ, ಆ ಹೆಸರು ನಿಮ್ಮೊಬ್ಬರದ್ದೇ ಅಲ್ಲ. ಮುಚ್ಚುವಾಗ ಉಳಿದ ಹಣವನ್ನು ವಾರ್ಡಿಗೆ ಫಿಲ್ಟರ್ ಕೊಳ್ಳಲು ಕೊಟ್ಟೆವು. ರಕ್ತದಲ್ಲಿನ ಬಿಳಿ ಕಣ ತಡೆಯುವ ಫಿಲ್ಟರ್, ಅದಿದ್ದರೆ ಮಕ್ಕಳಿಗೆ ಚಳಿ ಜ್ವರ ಬರುವುದು ಕಡಿಮೆ. ಮೂರು ವರ್ಷದಲ್ಲಿ ಆದ ಉಪಯೋಗದ ಕೆಲಸ ಅದೊಂದೇ ಅಂತ ನನಗನಿಸುತ್ತದೆ.

ಈಗ ನನ್ನ ಹತ್ತಿರ ಇರುವುದು ಒಂದು ನೋಟ್‌ಬುಕ್. ಲೆಕ್ಕ ಸರಳ. ಮೂರು ವಾರಕ್ಕೊಮ್ಮೆ ಅಂದರೆ ವರ್ಷಕ್ಕೆ 17 ಸಲ, ಸ್ವಲ್ಪ ದೊಡ್ಡ ಮಗುವಾದರೆ ಸಲಕ್ಕೆ ಎರಡು ಚೀಲ. ವರ್ಷಕ್ಕೆ ಮೂರು ಸಲ ಕೊಡುವವರು ಹನ್ನೆರಡು ಜನ ಇದ್ದರೆ ಒಂದು ಮಗು ನಿಭಾಯಿಸುತ್ತದೆ. ನಾನು ನಾಲ್ಕು ಮಕ್ಕಳಿಗೆ ಐವತ್ತು ಜನ ಇಟ್ಟುಕೊಂಡಿದ್ದೇನೆ. ಯಾರು ಯಾವ ವಾರ ಅಂತ ಬರೆದಿದೆ, ಎರಡು ದಿನ ಮೊದಲು ಫೋನ್ ಮಾಡುತ್ತೇನೆ. ನೆಗೆಟಿವ್ ಗುಂಪಿನವರನ್ನು ಸುಮ್ನೆ ಕರೆಯುವುದಿಲ್ಲ, ಅಗತ್ಯ ಬಿದ್ದಾಗ ಮಾತ್ರ. ಬ್ಯಾನರ್ ಇಲ್ಲ, ಮಗನ ಹೆಸರು ಎಲ್ಲೂ ಇಲ್ಲ, ಕೆಲವರಿಗೆ ನನಗೊಬ್ಬ ಮಗ ಇದ್ದ ಅಂತಲೂ ಗೊತ್ತಿಲ್ಲ. ಹೆಂಡತಿ ಈಗ ನೋಟ್‌ಬುಕ್‌ನ ಅರ್ಧ ಪುಟ ತಾನೇ ನೋಡಿಕೊಳ್ಳುತ್ತಾಳೆ.

ವರ್ಷದ ದಿನ ಏನಾದರೂ ಮಾಡಲೇಬೇಕು ಅಂತಿದ್ದರೆ ಹತ್ತು ಜನರನ್ನು ಕರೆಯಿರಿ, ಸಾಕು. ಉಳಿದವರ ಹೆಸರು, ಗುಂಪು, ಫೋನ್ ನಂಬರ್ ಬರೆದುಕೊಂಡು ಮನೆಗೆ ಕಳಿಸಿ, ಸರದಿ ಬಂದಾಗ ಕರೆಯುತ್ತೇನೆ ಅಂತ ಹೇಳಿ. ನೀವೂ ನನ್ನ ಹಾಗೆ ಸಿಟ್ಟಾಗಬಹುದು. ಆಗಿ, ಆದರೆ ಬ್ಲಡ್ ಬ್ಯಾಂಕಿನವರು ಹೇಳಿದ ಸಂಖ್ಯೆಗಿಂತ ಒಬ್ಬರನ್ನೂ ಜಾಸ್ತಿ ಕೂರಿಸಬೇಡಿ.

ಬೇರೆ ಏನಾದರೂ ಕೇಳುವುದಿದ್ದರೆ ಕೆಳಗೆ ಬರೆಯಿರಿ, ರಾತ್ರಿ ನೋಡುತ್ತೇನೆ. ಗುರುವಾರಕ್ಕೆ ಬರುವವರೊಬ್ಬರಿಗೆ ಶೀತ ಜ್ವರವಂತೆ, ಅವರ ಬದಲಿಗೆ ಇನ್ನೊಬ್ಬರನ್ನು ಹುಡುಕಬೇಕು.